ನೀರು ಹಂಚಿಕೊಳ್ಳುವ ದಾರಿ ತೋರಿಸಿದ ಸರ್ ಎಂ. ವಿಶ್ವೇಶ್ವರಯ್ಯನವರು



ನಮ್ಮ ಸಂಘದ ರಜತ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಿ ಎಂದು ಆಡಳಿತ ಮಂಡಳಿಯವರು ಕೇಳಿದಾಗ ನಮಗೆ ಮೊದಲು ನೆನಪಿಗೆ ಬಂದವರು ಸರ್ ಎಂ.ವಿ.ಯವರು. ನಾಲೆ ಬಯಲಿನಲ್ಲಿ ದೇವರ ಪಟದ ಪಕ್ಕ ಅವರ ಪಟ ಇಟ್ಟುಕೊಂಡ ಮನೆಗಳು ಎಷ್ಟೋ ಇವೆ. ಕನ್ನಂಬಾಡಿ ಕಟ್ಟೆ ಕಟ್ಟಿಸಿದವರು ಅಂತ ಸಣ್ಣ ಮಕ್ಕಳಿಗೂ ಗೊತ್ತು. ಆದರೆ ಆ ಕಟ್ಟೆಗೂ ಮುಂಚೆಯೇ, ನಾಲೆ ನೀರನ್ನು ರೈತರು ಹೇಗೆ ಹಂಚಿಕೊಳ್ಳಬೇಕು ಅನ್ನುವುದಕ್ಕೆ ಅವರು ಒಂದು ದಾರಿ ಹಾಕಿಕೊಟ್ಟಿದ್ದರು. ಅದನ್ನು ಬಲ್ಲವರು ಕಡಿಮೆ. ಅದಕ್ಕೇ ಈ ನಾಲ್ಕು ಮಾತು.

ಸರ್ ಎಂ.ವಿ.ಯವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷಮ್ಮನವರು. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡು, ಬೆಂಗಳೂರಿನಲ್ಲಿ ಸೋದರಮಾವನ ಆಸರೆಯಲ್ಲಿ, ಮನೆಪಾಠ ಹೇಳಿಕೊಂಡು ಓದಿದರು. 1881ರಲ್ಲಿ ಬಿ.ಎ. ಆಯಿತು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಇಂಜಿನಿಯರಿಂಗ್ ಮುಗಿಸಿ, 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಗೆ ಸೇರಿದರು. ಪುಣೆ ಬಳಿಯ ಖಡಕವಾಸ್ಲಾ ಕಟ್ಟೆಗೆ, ನೀರು ಏರಿದಾಗ ತಾವಾಗಿಯೇ ತೆರೆದುಕೊಳ್ಳುವ ಬಾಗಿಲುಗಳನ್ನು ಮಾಡಿಸಿ ಹೆಸರು ಪಡೆದದ್ದು ಆ ಕೆಲಸದಲ್ಲಿದ್ದಾಗಲೇ.

ಅದೇ ಪುಣೆ ಜಿಲ್ಲೆಯಲ್ಲಿ ನೀರಾ ನಾಲೆ ಅಂತ ಒಂದಿದೆ. ಅಲ್ಲಿನ ರೈತರು ಕಬ್ಬಿನ ಆಸೆಗೆ ಬಿದ್ದು ಮನಸ್ಸಿಗೆ ಬಂದಷ್ಟು ನೀರು ಬಿಟ್ಟುಕೊಳ್ಳುತ್ತಿದ್ದರು. ಒಂದು ಕಬ್ಬಿನ ಗದ್ದೆ ಇಲ್ಲಿ, ಇನ್ನೊಂದು ಅಲ್ಲೆಲ್ಲೋ ದೂರ. ಅರ್ಧ ನೀರು ಕಾಲುವೆಯಲ್ಲೇ ಇಂಗಿಹೋಗುತ್ತಿತ್ತು. ಮೇಲಿನವರ ಭೂಮಿ ಜೌಗು ಹಿಡಿಯಿತು, ಕೆಳಗಿನವರ ಭೂಮಿ ಒಣಗಿತು. ಇದನ್ನು ಕಂಡ ಸರ್ ಎಂ.ವಿ.ಯವರು 1899ರ ಸುಮಾರಿಗೆ ಬ್ಲಾಕ್ ಪದ್ಧತಿಯನ್ನು ತಂದರು.

ಲೆಕ್ಕ ಇಷ್ಟೇ. ಒಂದು ತೂಬಿನ ಕೆಳಗಿರುವ ಅಕ್ಕಪಕ್ಕದ ಜಮೀನುಗಳನ್ನೆಲ್ಲ ಸೇರಿಸಿ ಒಂದು ಬ್ಲಾಕ್. ಅದಕ್ಕೆ ಇಷ್ಟು ನೀರು ಅಂತ ಅಳತೆ. ಬ್ಲಾಕಿನ ಮೂರರಲ್ಲಿ ಒಂದು ಪಾಲಿಗೆ ಕಬ್ಬು, ಮಿಕ್ಕದ್ದಕ್ಕೆ ಕಡಿಮೆ ನೀರಿನ ಬೆಳೆ. ವರ್ಷದಿಂದ ವರ್ಷಕ್ಕೆ ಪಾಲು ಬದಲು. ಕಬ್ಬಿನ ಲಾಭ ಸರದಿಯ ಮೇಲೆ ಎಲ್ಲರಿಗೂ, ಭೂಮಿಗೂ ವಿಶ್ರಾಂತಿ. ಅದೇ ನೀರು, ಆದರೆ ಹೆಚ್ಚು ಸಂಸಾರಗಳಿಗೆ. ಮೊದಲು ರೈತರು ಒಪ್ಪಲಿಲ್ಲ, ನಮ್ಮ ಬಾಯಿಗೆ ಮಣ್ಣು ಹಾಕುತ್ತಾರೆ ಅಂತ ಹೆದರಿದರು. ಅವರನ್ನೇ ಕೂರಿಸಿಕೊಂಡು ತಿಳಿಸಿ ಹೇಳಿದ ಮೇಲೆ ಒಪ್ಪಿದರು.

1909ರಲ್ಲಿ ಸರ್ ಎಂ.ವಿ.ಯವರು ಮೈಸೂರಿಗೆ ಚೀಫ್ ಇಂಜಿನಿಯರ್ ಆಗಿ ಬಂದರು. ನಾಲ್ವಡಿ ಕೃಷ್ಣರಾಜ ಒಡೆಯರ ಬೆಂಬಲದಿಂದ 1911ರಲ್ಲಿ ಕಟ್ಟೆಯ ಕೆಲಸ ಶುರುವಾಯಿತು. ಮದರಾಸು ಸರ್ಕಾರ ಸುಲಭವಾಗಿ ಬಿಡಲಿಲ್ಲ. ಮೊದಲ ಹಂತಕ್ಕೆ ಒಪ್ಪಿಗೆ ಸಿಕ್ಕಿದ್ದು ಬರೀ 11 ಟಿ.ಎಂ.ಸಿ.ಗೆ. ಆದರೂ ಮುಂದಾಲೋಚನೆಯಿಂದ ತಳಪಾಯವನ್ನು ಪೂರ್ತಿ ಎತ್ತರದ ಕಟ್ಟೆಗೇ ಹಾಕಿಸಿದರು. ಸಿಮೆಂಟಿನ ಬದಲು ಸುರ್ಕಿ ಗಾರೆ. 1912ರಿಂದ 1918ರವರೆಗೆ ದಿವಾನರಾಗಿದ್ದು, ಮೈಸೂರು ಬ್ಯಾಂಕು, ಮೈಸೂರು ವಿಶ್ವವಿದ್ಯಾನಿಲಯಗಳಿಗೂ ಕಾರಣರಾದರು. 1924ರಲ್ಲಿ ಮದರಾಸಿನೊಡನೆ ಒಪ್ಪಂದವಾಗಿ ಕಟ್ಟೆ ಪೂರ್ತಿ ಎತ್ತರಕ್ಕೆ ಏರಿತು. ಈಗ ಅದರ ಮಟ್ಟ 124.80 ಅಡಿ, ತುಂಬಿದರೆ ಸುಮಾರು 49 ಟಿ.ಎಂ.ಸಿ. ನೀರು. ಇರ್ವಿನ್ ನಾಲೆ ಅಂತಿದ್ದದ್ದು ಆಮೇಲೆ ವಿಶ್ವೇಶ್ವರಯ್ಯ ನಾಲೆ ಆಯಿತು. ಹುಲಿಕೆರೆ ಸುರಂಗ ದಾಟಿ ನೀರು ಬಂದ ಮೇಲೆ ಮಂಡ್ಯದ ಬಯಲು ಹಸಿರಾಯಿತು, 1933ರಲ್ಲಿ ಸಕ್ಕರೆ ಕಾರ್ಖಾನೆಯೂ ಬಂತು.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಈ ಕಟ್ಟೆಗಾಗಿ ಹಳೇ ಕನ್ನಂಬಾಡಿ ಮುಳುಗಿತು, ಸುತ್ತಲ ಹಳ್ಳಿಗಳೂ ಮುಳುಗಿದವು. ಮನೆ ಮಠ, ಹೊಲ, ದೇವಸ್ಥಾನ ಬಿಟ್ಟು ಎದ್ದುಹೋದವರು ನಮ್ಮಂಥ ರೈತರೇ. ಅವರು ಬಿಟ್ಟುಕೊಟ್ಟ ನೆಲದ ಮೇಲೆ ನಿಂತ ನೀರನ್ನು ನಾವು ಪೋಲು ಮಾಡಿದರೆ ಅದು ಪಾಪವೇ ಸರಿ.

ನಮ್ಮ ನಾಲೆಯಲ್ಲೂ ಮೊದಲು ಬ್ಲಾಕ್ ಪದ್ಧತಿಯೇ ಇತ್ತು. ಬರುಬರುತ್ತಾ ಅದು ಸಡಿಲವಾಯಿತು. ಮೇಲಿನ ತೂಬಿನವರು ವರ್ಷವೆಲ್ಲಾ ಭತ್ತ, ಕಬ್ಬು ಅಂದರೆ ಕೊನೆ ಭಾಗದವರು ನಾಟಿಗೂ ನೀರಿಲ್ಲದೆ ಕೂರಬೇಕು. 2018ರಲ್ಲಿ ಸುಪ್ರೀಂ ಕೋರ್ಟು ಕಾವೇರಿಯಲ್ಲಿ ನಮ್ಮ ರಾಜ್ಯದ ಪಾಲನ್ನು 284.75 ಟಿ.ಎಂ.ಸಿ. ಎಂದು ತೀರ್ಮಾನಿಸಿದೆ. 2023ರಲ್ಲಿ ಮಳೆ ಕೈಕೊಟ್ಟು ಕಟ್ಟೆ ತುಂಬಲೇ ಇಲ್ಲ. ಪಕ್ಕದ ರಾಜ್ಯದ ಮೇಲೆ ನ್ಯಾಯ ಕೇಳುವ ನಾವು, ಪಕ್ಕದ ಗದ್ದೆಯವನಿಗೆ ನ್ಯಾಯ ಕೊಡುತ್ತಿದ್ದೇವೆಯೇ? ರಾತ್ರಿ ಹೋಗಿ ತೂಬು ಎತ್ತುವವನೂ ನಮ್ಮವನೇ, ಬೆಳಿಗ್ಗೆ ಒಣಗಿದ ಪೈರು ನೋಡಿ ಅಳುವವನೂ ನಮ್ಮವನೇ.

ಇಪ್ಪತ್ತೈದು ವರ್ಷದಿಂದ ನಮ್ಮ ಸಂಘದಲ್ಲಿ ಗೊಬ್ಬರ, ಸಾಲ ಎಲ್ಲವನ್ನೂ ಪಾಲಿನ ಪ್ರಕಾರ, ಸರದಿಯ ಪ್ರಕಾರ ಹಂಚಿಕೊಂಡು ಬಂದಿದ್ದೇವೆ. ಗೊಬ್ಬರದಲ್ಲಿ ಆದದ್ದು ನೀರಿನಲ್ಲಿ ಯಾಕೆ ಆಗಬಾರದು? ನೀರು ಬಳಕೆದಾರರ ಸಹಕಾರ ಸಂಘ ಕಟ್ಟಿಕೊಳ್ಳಲು ಕಾನೂನಿನಲ್ಲೂ ಅವಕಾಶವಿದೆ. ನಮ್ಮ ತೂಬಿನ ಕೆಳಗಿನವರೆಲ್ಲ ಒಂದು ಕಡೆ ಕೂತು, ಯಾರಿಗೆ ಯಾವ ವರ್ಷ ಕಬ್ಬು, ಯಾರಿಗೆ ರಾಗಿ ಅಂತ ಬೇಸಾಯ ಹೂಡುವ ಮುಂಚೆಯೇ ಬರೆದಿಟ್ಟುಕೊಂಡರೆ ಜಗಳ ಅರ್ಧ ತೀರುತ್ತದೆ.

1955ರಲ್ಲಿ ಭಾರತರತ್ನರಾದ ಸರ್ ಎಂ.ವಿ.ಯವರು ನೂರು ವರ್ಷ ದಾಟಿ ಬದುಕಿ, 1962ರ ಏಪ್ರಿಲ್‌ನಲ್ಲಿ ಕಾಲವಾದರು. ಹುಟ್ಟೂರು ಮುದ್ದೇನಹಳ್ಳಿಯಲ್ಲೇ ಅವರ ಸಮಾಧಿ ಇದೆ. ಪ್ರತಿ ಸೆಪ್ಟೆಂಬರ್ 15ಕ್ಕೆ ಅವರ ಪಟಕ್ಕೆ ಹಾರ ಹಾಕುತ್ತೇವೆ, ಒಳ್ಳೆಯದೇ. ಅದರ ಜೊತೆಗೆ ಕೊನೆ ಗದ್ದೆಗೂ ನೀರು ಮುಟ್ಟಿಸಿದರೆ ಅದೇ ಆ ಮಹನೀಯರಿಗೆ ನಾವು ಸಲ್ಲಿಸುವ ನಿಜವಾದ ಗೌರವ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿ ಎಂದು ತಮ್ಮೆಲ್ಲರಲ್ಲಿ ವಿನಂತಿಸಿಕೊಳ್ಳುತ್ತೇವೆ.