ಮರಳುಗಾಡಿನ ಸಹೋದರ ಸಂತ ಚಾರ್ಲ್ಸ್ ದ ಫುಕೊ



ಡಿಸೆಂಬರ್ 1ರಂದು ಧರ್ಮಸಭೆ ಸಂತ ಚಾರ್ಲ್ಸ್ ದ ಫುಕೊ ಅವರನ್ನು ಸ್ಮರಿಸುತ್ತದೆ. ಈ ವರ್ಷ ನಮ್ಮ ಯುವಕೂಟದಲ್ಲಿ ಅವರ ಜೀವನವನ್ನು ಓದಲು ಒಂದು ಕಾರಣವಿತ್ತು. ನಮ್ಮ ಜೊತೆಯಲ್ಲೇ ಪೀಠಸೇವಕನಾಗಿ ಬೆಳೆದ ಗೆಳೆಯನೊಬ್ಬ, ಕಾಲೇಜು ಸೇರಿದ ಮೇಲೆ, ದೇವರಿದ್ದಾನೆ ಎಂದು ತನಗೆ ಅನಿಸುವುದಿಲ್ಲ ಎಂದು ಹೇಳಿ ಬಲಿಪೂಜೆಗೆ ಬರುವುದನ್ನು ನಿಲ್ಲಿಸಿದ. ನಾವು ಸುಮ್ಮನಿರಲಿಲ್ಲ. ವಾಟ್ಸಾಪ್‌ನಲ್ಲಿ ವಾದ ಮಾಡಿದೆವು, ವಿಡಿಯೊ ಕಳಿಸಿದೆವು, ಅವನ ತಾಯಿಯ ಕಣ್ಣೀರನ್ನೂ ಎತ್ತಿ ಆಡಿದೆವು. ಗೆದ್ದೆವು ಎಂದುಕೊಂಡ ದಿನವೇ ಅವನು ಗುಂಪು ಬಿಟ್ಟುಹೋದ. ಆಮೇಲೆ ಫೋನೂ ಎತ್ತಲಿಲ್ಲ. ವಿಶ್ವಾಸ ಕಳೆದುಕೊಂಡು ಮತ್ತೆ ಪಡೆದ ಒಬ್ಬರ ಕಥೆ ಓದಿದರೆ ನಮ್ಮ ತಪ್ಪು ತಿಳಿಯಬಹುದೆಂದು ಈ ಸಂತರ ಜೀವನವನ್ನು ಕೈಗೆತ್ತಿಕೊಂಡೆವು.

ಚಾರ್ಲ್ಸ್ ಹುಟ್ಟಿದ್ದು 1858ರ ಸೆಪ್ಟೆಂಬರ್ 15ರಂದು, ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದ ಒಂದು ಸಿರಿವಂತ ಭಕ್ತ ಕುಟುಂಬದಲ್ಲಿ. ಆರು ವರ್ಷ ತುಂಬುವ ಮೊದಲೇ, ಒಂದೇ ವರ್ಷದಲ್ಲಿ ತಾಯಿ ತಂದೆ ಇಬ್ಬರನ್ನೂ ಕಳೆದುಕೊಂಡರು. ತಂಗಿಯನ್ನೂ ಅವರನ್ನೂ ತಾಯಿಯ ತಂದೆ ಸಾಕಿದರು. ಅಜ್ಜನಿಗೆ ಮೊಮ್ಮಗನೆಂದರೆ ಪ್ರಾಣ. ಆದರೂ ಹದಿನಾರರ ವಯಸ್ಸಿಗೆ ಹುಡುಗನ ವಿಶ್ವಾಸ ಆರಿಹೋಗಿತ್ತು. ಕಂಡ ಕಂಡ ಪುಸ್ತಕಗಳನ್ನೆಲ್ಲ ಓದಿದರು. ತತ್ವಜ್ಞಾನಿಗಳೇ ಒಬ್ಬರನ್ನೊಬ್ಬರು ಒಪ್ಪುವುದಿಲ್ಲ, ಹಾಗಿರುವಾಗ ಸತ್ಯವೆಂಬುದು ಯಾರಿಗೂ ತಿಳಿಯದು ಎಂಬ ತೀರ್ಮಾನಕ್ಕೆ ಬಂದರು.

ಸೈನ್ಯದ ಅಧಿಕಾರಿಯಾದರು. ಅಜ್ಜ ತೀರಿಕೊಂಡ ಮೇಲೆ ಕೈಗೆ ಬಂದ ಆಸ್ತಿಯನ್ನು ಊಟ, ಕೂಟ, ಜೂಜುಗಳಲ್ಲಿ ಕರಗಿಸಿದರು. ಸೋಮ್ಯೂರಿನ ಅಶ್ವದಳ ಶಾಲೆಯಲ್ಲಿ 87 ಮಂದಿಯಲ್ಲಿ 87ನೆಯವರಾಗಿ ತೇರ್ಗಡೆಯಾದರು! ಹೊರಗೆ ಮೋಜು, ಒಳಗೆ ಬೇಸರ. ಇಂಥ ಮನುಷ್ಯ ಮುಂದೆ ಸಂತನಾದಾನು ಎಂದು ಆಗ ಯಾರೂ ಹೇಳುತ್ತಿರಲಿಲ್ಲ.

1882ರಲ್ಲಿ ಸೈನ್ಯ ಬಿಟ್ಟು, ಹೊರಗಿನವರಿಗೆ ಬಾಗಿಲು ಮುಚ್ಚಿದ್ದ ಮೊರಾಕೊ ದೇಶದ ಒಳನಾಡನ್ನು ಅಳೆಯಲು ಹೊರಟರು. ಕ್ರೈಸ್ತನೆಂದು ಗೊತ್ತಾದರೆ ಜೀವಕ್ಕೇ ಅಪಾಯ. ಅದಕ್ಕೆ ಯೆಹೂದಿ ಗುರುವಿನ ವೇಷ ಹಾಕಿದರು. ಮಾರ್ದೊಶೆ ಎಂಬ ನಿಜವಾದ ಯೆಹೂದಿ ಗುರು ದಾರಿ ತೋರಿಸಿದರು. 1883ರ ಜೂನ್‌ನಿಂದ 1884ರ ಮೇವರೆಗೆ ನಡೆದ ಆ ಪಯಣದಲ್ಲಿ ಚಾರ್ಲ್ಸ್ ಅಂಗೈಯಲ್ಲಿ ಅಡಗುವಷ್ಟು ಪುಟ್ಟ ಪುಸ್ತಕದಲ್ಲಿ ಟಿಪ್ಪಣಿ ಬರೆದರು. ಉಪಕರಣಗಳನ್ನು ಬಚ್ಚಿಟ್ಟುಕೊಂಡು ಬೆಟ್ಟಗಳ ಎತ್ತರ, ನಕ್ಷತ್ರಗಳ ಸ್ಥಾನ ಗುರುತು ಮಾಡಿದರು. 1885ರಲ್ಲಿ ಪ್ಯಾರಿಸ್ಸಿನ ಭೂಗೋಳ ಸಂಘ ಅವರಿಗೆ ಚಿನ್ನದ ಪದಕ ಕೊಟ್ಟಿತು. ವಿಜ್ಞಾನ ಓದಿದ ನಮಗೆ ಈ ಭಾಗ ಬಹಳ ಹಿಡಿಸಿತು. ಆದರೆ ಚಾರ್ಲ್ಸ್ ಅವರ ಮನಸ್ಸಿನಲ್ಲಿ ಉಳಿದದ್ದು ಅಳತೆಗಳಷ್ಟೇ ಅಲ್ಲ. ಮುಸಲ್ಮಾನರು ದಿನಕ್ಕೆ ಐದು ಸಲ ಎಲ್ಲವನ್ನೂ ಬಿಟ್ಟು ದೇವರಿಗೆ ತಲೆಬಾಗುವುದನ್ನು ಅವರು ಹತ್ತಿರದಿಂದ ಕಂಡರು. ದೇವರ ಸನ್ನಿಧಿಯಲ್ಲಿ ಹೀಗೂ ಬಾಳಬಹುದೇ ಎಂಬ ಪ್ರಶ್ನೆ ಅಲ್ಲಿ ಹುಟ್ಟಿತು.

ಪ್ಯಾರಿಸ್ಸಿಗೆ ಮರಳಿದಾಗ ಚಾರ್ಲ್ಸ್ ಅವರ ಸಂಬಂಧಿಕರು ಅವರ ಹಳೆಯ ಬಾಳನ್ನು ಕೆದಕಲಿಲ್ಲ. ಮನೆಮಗನಂತೆ ಬರಮಾಡಿಕೊಂಡರು. ಅವರಲ್ಲಿ ಮುಖ್ಯರು ಮರಿ ದ ಬೋಂದಿ. ಚಾರ್ಲ್ಸ್‌ಗಿಂತ ಎಂಟು ವರ್ಷ ದೊಡ್ಡವರು, ಸೋದರತ್ತೆಯ ಮಗಳು, ಅವರಿಗೆ ಅಕ್ಕನಂತಿದ್ದವರು. ದಿನವೂ ಬಲಿಪೂಜೆಗೆ ಹೋಗುವವರು. ತಮ್ಮನಿಗೆ ಬುದ್ಧಿ ಹೇಳಲಿಲ್ಲ, ಚರ್ಚಿಗೆ ಬಾ ಎಂದು ಪೀಡಿಸಲಿಲ್ಲ. ಮನಸ್ಸಿನಲ್ಲೇ ಪ್ರಾರ್ಥಿಸಿದರು, ಪ್ರೀತಿಯಿಂದ ನಡೆದುಕೊಂಡರು. ಇಷ್ಟು ಬುದ್ಧಿವಂತೆಯಾದ ಅಕ್ಕ ನಂಬುವ ಧರ್ಮ ಬರೀ ಮೂರ್ಖತನವಾಗಿರಲಾರದು ಎಂದು ಚಾರ್ಲ್ಸ್ ತಾವಾಗಿಯೇ ಯೋಚಿಸತೊಡಗಿದರು. ಚರ್ಚುಗಳಿಗೆ ಹೋಗಿ ಗಂಟೆಗಟ್ಟಲೆ ಕುಳಿತರು. ದೇವರೇ, ನೀನಿರುವುದು ನಿಜವಾದರೆ ನನಗೆ ತಿಳಿಯುವಂತೆ ಮಾಡು ಎಂಬುದೊಂದೇ ಅವರ ಬೇಡಿಕೆ.

ಆ ಮನೆಯವರಿಗೆ ಬೇಕಾದ ಗುರುಗಳೆಂದರೆ ಸಂತ ಅಗಸ್ಟೀನರ ದೇವಾಲಯದ ಸಹಾಯಕ ಗುರು ಹೆನ್ರಿ ಹುವೆಲಿನ್. ದೊಡ್ಡ ವಿದ್ವಾಂಸರು, ಸದಾ ಕಾಯಿಲೆಯವರು, ಪಾಪನಿವೇದನೆ ಕೇಳುವುದರಲ್ಲೇ ದಿನ ಕಳೆಯುವವರು. 1886ರ ಅಕ್ಟೋಬರ್ ಕೊನೆಯಲ್ಲಿ ಚಾರ್ಲ್ಸ್ ಪಾಪನಿವೇದನೆಯ ಪೀಠದ ಬಳಿ ಅವರನ್ನು ಕಂಡು, ತನಗೆ ವಿಶ್ವಾಸವಿಲ್ಲ, ಧರ್ಮದ ವಿಷಯ ಪಾಠ ಹೇಳಿಕೊಡಿ ಎಂದು ಕೇಳಿಕೊಂಡರು. ಗುರುಗಳು ಪಾಠ ಶುರು ಮಾಡಲಿಲ್ಲ. ಮೊಣಕಾಲೂರಿ ಪಾಪನಿವೇದನೆ ಮಾಡಲು ಹೇಳಿದರು. ಅದಕ್ಕಾಗಿ ಬಂದಿಲ್ಲ ಎಂದು ಚಾರ್ಲ್ಸ್ ಹೇಳಿದರೂ ಗುರುಗಳ ಮಾತು ಬದಲಾಗಲಿಲ್ಲ. ಚಾರ್ಲ್ಸ್ ಮೊಣಕಾಲೂರಿದರು, ಇಡೀ ಬಾಳನ್ನು ಬಿಚ್ಚಿಟ್ಟರು. ಕೂಡಲೇ ಗುರುಗಳು ಅವರನ್ನು ಪರಮಪ್ರಸಾದಕ್ಕೆ ಕಳಿಸಿದರು. ದೇವರಿದ್ದಾನೆಂದು ನಂಬಿದ ಕ್ಷಣದಿಂದ ಅವನಿಗಾಗಿಯಲ್ಲದೆ ಬೇರಾವುದಕ್ಕೂ ಬಾಳಲಾರೆ ಎಂದು ಅವರಿಗೆ ಅನಿಸಿತು.

ಇಲ್ಲಿ ನಾವು ಓದು ನಿಲ್ಲಿಸಿ ಬಹಳ ಹೊತ್ತು ಮಾತಾಡಿದೆವು. ಅಕ್ಕ ಕಾದರು, ಗುರುಗಳು ಕರೆದರು. ಅಕ್ಕನ ಮೌನ ಉದಾಸೀನವಾಗಿರಲಿಲ್ಲ, ಅದರ ತುಂಬ ಪ್ರಾರ್ಥನೆಯಿತ್ತು. ಗುರುಗಳ ನೇರ ಮಾತೂ ಒತ್ತಾಯವಾಗಿರಲಿಲ್ಲ. ಬಾಗಿಲು ತಟ್ಟಿ ಬಂದವನು ಬಾಯಲ್ಲಿ ಪಾಠ ಕೇಳಿದರೂ ಅವನಿಗೆ ಹಸಿವಿದ್ದದ್ದು ಕ್ಷಮೆಗೆ ಎಂಬುದು ಅವರಿಗೆ ಕಂಡಿತು. ತಾಳ್ಮೆಯೆಂದರೆ ಏನನ್ನೂ ಹೇಳದಿರುವುದಲ್ಲ, ಎದುರಿನವರ ಹಸಿವು ತಿಳಿಯುವವರೆಗೆ ಕಾಯುವುದು ಎಂದು ನಮಗೆ ಅರ್ಥವಾಯಿತು. ನಮ್ಮ ಗೆಳೆಯನಿಗೆ ಯಾವ ನೋವಿತ್ತು ಎಂದು ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ.

ಹುವೆಲಿನ್ ಗುರುಗಳು ಮುಂದೆಯೂ ಅವಸರ ಮಾಡಲಿಲ್ಲ. ಕೂಡಲೇ ಸನ್ಯಾಸಿಯಾಗುತ್ತೇನೆ ಎಂದ ಚಾರ್ಲ್ಸ್ ಅವರನ್ನು ಮೂರು ವರ್ಷ ಕಾಯಿಸಿದರು, ಪವಿತ್ರ ನಾಡಿಗೆ ಯಾತ್ರೆ ಕಳಿಸಿದರು. ಪ್ರಭು ಯೇಸು ಮೂವತ್ತು ವರ್ಷ ಯಾರ ಕಣ್ಣಿಗೂ ಬೀಳದೆ ಬಡಗಿಯಾಗಿ ಬಾಳಿದ ನಜರೇತ್ ಚಾರ್ಲ್ಸ್ ಅವರ ಮನಸ್ಸನ್ನು ಹಿಡಿದಿಟ್ಟಿತು. 1890ರಲ್ಲಿ ಟ್ರ್ಯಾಪಿಸ್ಟ್ ಮಠ ಸೇರಿದರು. ಏಳು ವರ್ಷಗಳ ಮೇಲೆ ಇನ್ನೂ ಬಡತನ ಬೇಕೆಂದು ನಜರೇತಿಗೆ ಹೋಗಿ ಕ್ಲಾರಮ್ಮನವರ ಸಭೆಯ ಕನ್ಯಾಮಠದಲ್ಲಿ ಆಳಾಗಿ ದುಡಿದರು. 1901ರ ಜೂನ್ 9ರಂದು ಗುರುದೀಕ್ಷೆ ಪಡೆದು, ಅದೇ ವರ್ಷ ಅಲ್ಜೀರಿಯದ ಸಹಾರಾ ಮರುಭೂಮಿಯ ಬೆನಿ ಅಬ್ಬೆಸ್‌ಗೆ ಬಂದರು. ಕ್ರೈಸ್ತ, ಮುಸಲ್ಮಾನ, ಯೆಹೂದಿ ಎನ್ನದೆ ಎಲ್ಲರೂ ತಮ್ಮನ್ನು ಸಹೋದರನೆಂದು ಕರೆಯಬೇಕೆಂಬುದು ಅವರ ಆಸೆ. ಗುಲಾಮರನ್ನು ಹಣ ಕೊಟ್ಟು ಬಿಡಿಸಿದರು, ಗುಲಾಮಗಿರಿಯನ್ನು ಸಹಿಸಿಕೊಂಡಿದ್ದ ತಮ್ಮದೇ ದೇಶದ ಅಧಿಕಾರಿಗಳ ವಿರುದ್ಧ ಬರೆದರು.

1905ರಲ್ಲಿ ಇನ್ನೂ ದೂರದ ತಮನ್ರಾಸೆತ್‌ಗೆ, ತುವಾರೆಗ್ ಜನರ ನಡುವೆ ಹೋದರು. ಅಲ್ಲಿ ಬೇರೆ ಕ್ರೈಸ್ತರಿರಲಿಲ್ಲ. ಅವರು ಮೊದಲು ಮಾಡಿದ ಕೆಲಸ ಭಾಷೆ ಕಲಿತದ್ದು. ಡೇರೆಯಿಂದ ಡೇರೆಗೆ ಹೋಗಿ ತುವಾರೆಗರ ಹಾಡುಗಳನ್ನೂ ಗಾದೆಗಳನ್ನೂ ಬರೆದುಕೊಂಡರು. ಅವರು ರಚಿಸಿದ ತುವಾರೆಗ್-ಫ್ರೆಂಚ್ ನಿಘಂಟು ಅವರ ಮರಣಾನಂತರ, 1951-52ರಲ್ಲಿ, ನಾಲ್ಕು ಸಂಪುಟಗಳಲ್ಲಿ ಅಚ್ಚಾಯಿತು. ತಮಿಳು, ಮಲಯಾಳಂ, ಕನ್ನಡ ಒಂದೇ ಅಂಗಳದಲ್ಲಿ ಕೇಳಿಸುವ ನಮ್ಮ ಧರ್ಮಕ್ಷೇತ್ರದಲ್ಲಿ, ನಮ್ಮ ಮಾತನ್ನು ಕಲಿತು ಮಾತಾಡಿಸುವ ಒಬ್ಬ ಗುರು ಬಂದರೆ ಎಷ್ಟು ಹಿಗ್ಗುತ್ತೇವೆಂದು ನಮಗೆಲ್ಲ ಗೊತ್ತು.

1908ರ ಜನವರಿಯಲ್ಲಿ ಚಾರ್ಲ್ಸ್ ಹಾಸಿಗೆ ಹಿಡಿದರು. ಬರಗಾಲ, ಹೊಟ್ಟೆಗಿಲ್ಲ, ಮೈಯಲ್ಲಿ ಶಕ್ತಿಯಿಲ್ಲ. ಜೊತೆಗೆ ಬೇರೆ ಕ್ರೈಸ್ತರಿಲ್ಲದ ಕಾರಣ ಹಿಂದಿನ ಕ್ರಿಸ್ಮಸ್‌ಗೆ ಬಲಿಪೂಜೆಯನ್ನೂ ಅರ್ಪಿಸಲಾಗಿರಲಿಲ್ಲ. ಆಗ ತುವಾರೆಗರು ಸುತ್ತಲೆಲ್ಲ ಹುಡುಕಿ, ಇದ್ದ ಮೇಕೆಗಳ ಹಾಲು ಕೂಡಿಸಿ ತಂದು ಕುಡಿಸಿ ಬದುಕಿಸಿದರು. ಅಲ್ಲಿಯವರೆಗೆ ಕೊಡುವವರಾಗಿದ್ದವರು ಅಂದು ಕೈಯೊಡ್ಡಿ ಪಡೆದರು. ನಿಜವಾದ ಗೆಳೆತನ ಬೆಳೆದದ್ದು ಆಗಲೇ. ಔಷಧ, ಸೂಜಿ, ಧಾನ್ಯ ಏನೇ ಕೊಟ್ಟರೂ ಅದಕ್ಕೆ ಪ್ರತಿಯಾಗಿ ದೀಕ್ಷಾಸ್ನಾನ ಕೇಳಲಿಲ್ಲ. ತಮ್ಮ ಒಳ್ಳೆಯತನ ಕಂಡು, ಈತನ ಧರ್ಮ ಒಳ್ಳೆಯದಿರಬೇಕು ಎಂದು ಜನ ತಾವಾಗಿ ಅಂದುಕೊಂಡರೆ ಸಾಕು ಎನ್ನುವುದು ಅವರ ನಿಲುವು.

ಅವರನ್ನು ಟೀಕಿಸುವವರೂ ಇದ್ದಾರೆ. ಫ್ರೆಂಚ್ ಸೇನಾಧಿಕಾರಿಗಳ ಸ್ನೇಹವನ್ನು ಅವರು ಬಿಡಲಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಊರಿನವರ ರಕ್ಷಣೆಗೆಂದು ಕಟ್ಟಿಸಿದ ಕೋಟೆಮನೆಯಲ್ಲಿ ಬಂದೂಕುಗಳೂ ಇದ್ದವು. ಆಳುವವರ ನೆರಳು ಬಿದ್ದ ಕಡೆ ಸಾಕ್ಷಿಯ ಬೆಳಕು ಮಸುಕಾಗುತ್ತದೆ ಎಂಬುದನ್ನೂ ನಾವು ಈ ಜೀವನದಿಂದಲೇ ಕಲಿಯಬೇಕು.

1916ರ ಡಿಸೆಂಬರ್ 1ರ ಸಂಜೆ ದಾಳಿಕೋರರ ಗುಂಪೊಂದು, ಪರಿಚಯದವನೊಬ್ಬನಿಂದ ಬಾಗಿಲು ತೆಗೆಸಿ ಅವರನ್ನು ಹೊರಗೆಳೆದು ಕಟ್ಟಿಹಾಕಿತು. ಗಲಿಬಿಲಿಯಲ್ಲಿ ಕಾವಲಿಗಿದ್ದ ಹುಡುಗ ಗುಂಡು ಹಾರಿಸಿದ. ಆಗ ಅವರಿಗೆ 58 ವರ್ಷ. ತುವಾರೆಗರಲ್ಲಿ ಒಬ್ಬರೂ ಅವರಿಂದ ದೀಕ್ಷಾಸ್ನಾನ ಪಡೆದಿರಲಿಲ್ಲ. ಜೊತೆಗೆ ಬಾಳುವ ಸಹೋದರರು ಬೇಕೆಂದು ಹಂಬಲಿಸಿದ್ದರು, ಯಾರೂ ಉಳಿಯಲಿಲ್ಲ. ಲೆಕ್ಕದ ಪುಸ್ತಕದಲ್ಲಿ ಬರೆದರೆ ಸೊನ್ನೆ. ಆದರೆ 1933ರಲ್ಲಿ ಯೇಸುವಿನ ಕಿರಿಯ ಸಹೋದರರ ಸಭೆ, 1939ರಲ್ಲಿ ಕಿರಿಯ ಸಹೋದರಿಯರ ಸಭೆ ಅವರ ದಾರಿಯಲ್ಲಿ ಹುಟ್ಟಿದವು. ಇಂದು ಅವರ ಮಕ್ಕಳು ಅನೇಕ ದೇಶಗಳಲ್ಲಿ ಬಡವರ ನಡುವೆ ಬಡವರಾಗಿ ದುಡಿಯುತ್ತಿದ್ದಾರೆ.

2022ರ ಮೇ 15ರಂದು ಜಗದ್ಗುರು ಫ್ರಾನ್ಸಿಸ್ ಅವರು ಚಾರ್ಲ್ಸ್ ಅವರನ್ನು ಸಂತರೆಂದು ಸಾರಿದರು. ಅದೇ ದಿನ, ಅದೇ ಪೂಜೆಯಲ್ಲಿ, ನಮ್ಮದೇ ರಾಜ್ಯದ ಕನ್ಯಾಕುಮಾರಿ ಸೀಮೆಯ ದೇವಸಹಾಯಂ ಅವರೂ ಸಂತರಾದರು. ಅವರು ಕಷ್ಟದಲ್ಲಿ ಕುಗ್ಗಿದ್ದಾಗ ಡಚ್ಚರ ಡಿಲನಾಯ್ ಎಂಬವರು ಗೆಳೆಯನಾಗಿ ಪಕ್ಕದಲ್ಲಿ ಕುಳಿತು ಯೋಬನ ಕಥೆ ಹೇಳಿದರು. 1745ರಲ್ಲಿ ದೇವಸಹಾಯಂ ದೀಕ್ಷಾಸ್ನಾನ ಪಡೆದರು. ಇಬ್ಬರು ಸಂತರ ಹಿಂದೆಯೂ ಅವಸರಪಡದ ಒಬ್ಬ ಆಪ್ತರಿದ್ದರು.

ಕಳೆದ ತಿಂಗಳು ನಾವು ಮೂವರು ಆ ಗೆಳೆಯನ ಮನೆಗೆ ಹೋದೆವು. ಆಡಿದ ಮಾತಿಗೆ ಕ್ಷಮೆ ಕೇಳಿದೆವು. ಅವನು ಏನೂ ಹೇಳಲಿಲ್ಲ, ಟೀ ಮಾಡಿ ತಂದುಕೊಟ್ಟ. ಅವನಿನ್ನೂ ಪೂಜೆಗೆ ಬಂದಿಲ್ಲ. ಆದರೆ ಈಗ ಫೋನ್ ಎತ್ತುತ್ತಾನೆ. ನಮ್ಮ ಭಾನುವಾರದ ಜಪಸರದಲ್ಲಿ ಒಂದು ಹತ್ತು ಮಣಿ ಅವನಿಗಾಗಿ ಇದೆ, ಅವನಿಗೆ ಹೇಳಿಲ್ಲ. ನಿಮ್ಮ ಮನೆಯಲ್ಲೂ ಹೀಗೆ ದೂರವಾದ ಒಬ್ಬರಿದ್ದರೆ, ಅವರ ಹೆಸರನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮೊಡನೆ ಪ್ರಾರ್ಥಿಸಿ.

ಸಂತ ಚಾರ್ಲ್ಸ್ ದ ಫುಕೊ ಅವರೇ, ನಮಗಾಗಿ ಪ್ರಾರ್ಥಿಸಿರಿ.