ಆಲೂಗಡ್ಡೆಯಿಂದ 526ರವರೆಗೆ

ಪೂಲ್ ಆಟದಲ್ಲಿ ಸಾರ್ವಕಾಲಿಕ ನಂಬರ್ ಒನ್ ಯಾರು ಅಂತ ಕೇಳಿದ್ರೆ ನಾವಂತೂ ವಿಲ್ಲಿ ಮೊಸ್ಕೋನಿ ಅಂತೀವಿ. 1913ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಹುಟ್ಟಿದವನು. ಅಪ್ಪನದೇ ಪೂಲ್ ಹಾಲ್ ಇತ್ತು. ಆದರೆ ಮಗ ಆಡೋದು ಇಷ್ಟವಿಲ್ಲದ ಅಪ್ಪ ಸಾಮಾನಿಗೆಲ್ಲ ಬೀಗ ಹಾಕಿದ. ಹುಡುಗ ಬಿಡ್ತಾನಾ? ಆಲೂಗಡ್ಡೆಯೇ ಚೆಂಡು, ಪೊರಕೆ ಕೋಲೇ ಕ್ಯೂ!

ಮುಂದೆ 1941ರಿಂದ 1957ರೊಳಗೆ 15 ಸಲ ವಿಶ್ವ ಚಾಂಪಿಯನ್. ಅವನದು ಸ್ಟ್ರೈಟ್ ಪೂಲ್. ಯಾವ ಚೆಂಡು ಯಾವ ಪಾಕೆಟ್‌ಗೆ ಅಂತ ಮೊದಲೇ ಹೇಳಿ ಹೊಡೀಬೇಕು. 14 ಚೆಂಡು ಹೋದಮೇಲೆ ಅವನ್ನೇ ಮತ್ತೆ ಜೋಡಿಸ್ತಾರೆ. ಉಳಿದ ಒಂದನ್ನು ಹಾಕುತ್ತಲೇ ಹೊಸ ಗುಂಪನ್ನೂ ಒಡೆಯಬೇಕು. ಅಂದರೆ ಪ್ರತಿ ಹೊಡೆತದಲ್ಲೂ ಮುಂದಿನ ಮೂರ್ನಾಲ್ಕರ ಲೆಕ್ಕ ಇರಬೇಕು. 1954ರಲ್ಲಿ ಓಹಾಯೋದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ, ಒಂದು ಪ್ರದರ್ಶನ ಪಂದ್ಯದಲ್ಲಿ, ಒಂದೇ ಸರದಿಗೆ 526 ಚೆಂಡು ಹಾಕಿದ. ಮೇಜು 8 ಅಡಿಯದು, 9 ಅಲ್ಲ ಅನ್ನೋ ತಕರಾರು ಇದ್ದೇ ಇದೆ. ಸಣ್ಣ ಮೇಜಿನಲ್ಲಿ ಚೆಂಡುಗಳು ಒತ್ತೊತ್ತಾಗಿ ದಾರಿ ಕಟ್ಟುತ್ತವೆ ಅನ್ನೋದನ್ನ ಮಾತ್ರ ಯಾರೂ ಹೇಳಲ್ಲ! 2019ರಲ್ಲಿ ಜಾನ್ ಸ್ಮಿಟ್ 626 ಹಾಕಿದ, ನಿಜ. ಅದೇ ಗುರಿ ಇಟ್ಟುಕೊಂಡು ತಿಂಗಳುಗಟ್ಟಲೆ ಪ್ರಯತ್ನಿಸಿದ ಮೇಲೆ.

ಪೂಲ್ ಅಂದ್ರೆ ಜೂಜುಕೋರರ ಆಟ ಅನ್ನೋ ಹೆಸರು ಮೊಸ್ಕೋನಿಗೆ ಸಹಿಸದು. ಬಾಯಿಬಡುಕ ಮಿನ್ನೆಸೋಟ ಫ್ಯಾಟ್ಸ್‌ನನ್ನು 1978ರಲ್ಲಿ ಟಿವಿಯಲ್ಲೇ ಸೋಲಿಸಿದ. ಆಗ ವಯಸ್ಸು 64. ತೀರಿಕೊಂಡದ್ದು 1993ರಲ್ಲಿ.