ಇಂದಿರಾ ಗಾಂಧಿ ಮತ್ತು ಎರಡು ತಕ್ಕಡಿ



ಈ ಸಲದ ಸಂಚಿಕೆಗೆ ದೇಶದ ಒಬ್ಬ ನಾಯಕರ ಜೀವನದ ಬಗ್ಗೆ ಬರೆಯಲು ಹೇಳಿದಾಗ ನಾನು ಇಂದಿರಾ ಗಾಂಧಿಯವರನ್ನು ಆರಿಸಿಕೊಂಡೆ. ಅದಕ್ಕೆ ಕಾರಣ ಸಿಕ್ಕಿದ್ದು ಮಹಾಕೂಟದಲ್ಲಿ. ನಮ್ಮ ಕಲಾ ವಿಭಾಗದವರು ಇತಿಹಾಸ ಉಪನ್ಯಾಸಕರ ಜೊತೆ ಅಲ್ಲಿಗೆ ಹೋಗಿದ್ದೆವು. ಮರದ ನೆರಳಲ್ಲಿ ಬುತ್ತಿ ಬಿಚ್ಚಿ ಕುಳಿತಾಗ ಪಕ್ಕದಲ್ಲಿ ಇಬ್ಬರು ಹಿರಿಯರು ರಾಜಕೀಯ ಮಾತಾಡುತ್ತಿದ್ದರು. ಒಬ್ಬ ನಾಯಕರ ಹೆಸರು ಬಂದಾಗ, ಎಪ್ಪತ್ತು ದಾಟಿದ ಅನುಭವಸ್ಥರು ಎಂದು ಹೊಗಳಿದರು. ಹೆಚ್ಚು ಕಡಿಮೆ ಅಷ್ಟೇ ವಯಸ್ಸಿನ ಒಬ್ಬ ನಾಯಕಿಯ ಹೆಸರು ಬಂದಾಗ, ಇನ್ನಾದರೂ ಮೊಮ್ಮಕ್ಕಳನ್ನು ಆಡಿಸಿಕೊಂಡು ಮನೆಯಲ್ಲಿರಬಾರದೇ ಎಂದು ನಕ್ಕರು. ಇಬ್ಬರೂ ಏನು ಕೆಲಸ ಮಾಡಿದ್ದಾರೆ ಎಂಬ ಮಾತು ಕೊನೆಗೂ ಬರಲಿಲ್ಲ.

ಅದೇ ಮಹಾಕೂಟದಲ್ಲಿ ಚಾಲುಕ್ಯ ದೊರೆ ವಿಜಯಾದಿತ್ಯನ ಕಾಲದ ಒಂದು ಕನ್ನಡ ಶಾಸನವಿದೆ. ರಾಜನ ಪ್ರೀತಿಪಾತ್ರಳಾಗಿದ್ದ ವಿನಾಪೋಟಿ ಎಂಬಾಕೆ ದೇವರಿಗೆ ಮಾಣಿಕ್ಯದ ಪೀಠವನ್ನೂ ಬೆಳ್ಳಿಯ ಕೊಡೆಯನ್ನೂ ಭೂಮಿಯನ್ನೂ ಕೊಟ್ಟಿದ್ದನ್ನು ಅದರಲ್ಲಿ ಬರೆದಿದ್ದಾರೆ. ಅದಕ್ಕೂ ಹಿಂದಿನ, ಮಂಗಳೇಶನ ಕಾಲದ ಕಂಬ ಈಗ ವಿಜಯಪುರದ ವಸ್ತು ಸಂಗ್ರಹಾಲಯದಲ್ಲಿದೆ. ಅದರ ಮೇಲೆ ಒಂದನೇ ಪುಲಕೇಶಿಯ ರಾಣಿ ದುರ್ಲಭದೇವಿಯ ಹೆಸರಿದೆ, ಹತ್ತು ಹಳ್ಳಿಗಳ ದತ್ತಿಯ ವಿಷಯವಿದೆ. ಸಾವಿರದ ಮುನ್ನೂರು, ಸಾವಿರದ ನಾನೂರು ವರ್ಷಗಳಾದ ಮೇಲೂ ಆ ಹೆಂಗಸರು ನಮಗೆ ಗೊತ್ತಿರುವುದು ಅವರು ಮಾಡಿದ ಕೆಲಸದಿಂದ. ಹಾಗಾದರೆ ನಮ್ಮ ಕಾಲದ ನಾಯಕಿಯರನ್ನು ಅಳೆಯುವಾಗ ಕೆಲಸ ಏಕೆ ಹಿಂದೆ ಸರಿಯುತ್ತದೆ? ಇಂದಿರಾ ಅವರ ಜೀವನ ಓದುತ್ತಾ ಹೋದಂತೆ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಇಂದಿರಾ ಹುಟ್ಟಿದ್ದು 1917ರ ನವೆಂಬರ್ 19ರಂದು ಅಲಹಾಬಾದಿನಲ್ಲಿ. ಜವಾಹರಲಾಲ್ ನೆಹರೂ ಮತ್ತು ಕಮಲಾ ಅವರ ಒಬ್ಬಳೇ ಮಗಳು. ತಂದೆ ಮೇಲಿಂದ ಮೇಲೆ ಜೈಲಿನಲ್ಲಿ, ತಾಯಿ ಕಾಯಿಲೆಯಲ್ಲಿ. ಹೀಗಾಗಿ ಬಾಲ್ಯ ಒಂಟಿಯಾಗಿಯೇ ಕಳೆಯಿತು. ಶಾಂತಿನಿಕೇತನದಲ್ಲಿ ಸ್ವಲ್ಪ ಕಾಲ, ಆಮೇಲೆ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಸ್ವಲ್ಪ ಕಾಲ ಓದಿದರು. 1942ರಲ್ಲಿ ಫಿರೋಜ್ ಗಾಂಧಿಯವರನ್ನು ಮದುವೆಯಾದರು. ಅದೇ ವರ್ಷ ಚಲೇಜಾವ್ ಚಳವಳಿಯಲ್ಲಿ ಬಂಧನಕ್ಕೊಳಗಾಗಿ ನೈನಿ ಜೈಲಿನಲ್ಲಿದ್ದರು. ಸ್ವಾತಂತ್ರ್ಯ ಬಂದ ಮೇಲೆ ಪ್ರಧಾನಿಯಾದ ತಂದೆಯ ಮನೆಯನ್ನು ನೋಡಿಕೊಳ್ಳುತ್ತಾ ದೇಶ ವಿದೇಶಗಳ ನಾಯಕರನ್ನು ಹತ್ತಿರದಿಂದ ಕಂಡರು.

1959ರಲ್ಲಿ ಅವರು ಕಾಂಗ್ರೆಸ್ ಅಧ್ಯಕ್ಷರಾದರು. ಆಗ ವಯಸ್ಸು 41. ಅವರಿಗಿಂತ ಮೊದಲು ಆ ಸ್ಥಾನಕ್ಕೆ ಬಂದ ಮಹಿಳೆಯರು ಮೂವರೇ: ಆನಿ ಬೆಸೆಂಟ್, ಸರೋಜಿನಿ ನಾಯ್ಡು, ನೆಲ್ಲಿ ಸೇನ್‌ಗುಪ್ತ. ಇಂದಿರಾ ಅವರಿಗೆ ತಂದೆಯ ಹೆಸರಿನಿಂದ ಸ್ಥಾನ ಸಿಕ್ಕಿತು ಎಂಬ ಟೀಕೆ ಬಂತು. ಆ ಟೀಕೆಯಲ್ಲಿ ಸತ್ಯವಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ 1929ರಲ್ಲಿ ಲಾಹೋರ್ ಅಧಿವೇಶನದಲ್ಲಿ ಜವಾಹರಲಾಲ್ 40ನೇ ವಯಸ್ಸಿಗೆ ಅಧ್ಯಕ್ಷರಾದಾಗ ಅವರು ಆ ಜವಾಬ್ದಾರಿ ಪಡೆದದ್ದು ತಮ್ಮ ತಂದೆ ಮೋತಿಲಾಲರ ಕೈಯಿಂದಲೇ. ಪುಸ್ತಕಗಳಲ್ಲಿ ಆ ಘಟನೆಯನ್ನು ಯುವಶಕ್ತಿಯ ಉದಯವೆಂದು ಓದುತ್ತೇವೆ. ಮೌಲಾನಾ ಅಬುಲ್ ಕಲಾಂ ಆಜಾದರು 1923ರ ದೆಹಲಿ ವಿಶೇಷ ಅಧಿವೇಶನದ ಅಧ್ಯಕ್ಷರಾದಾಗ 35 ವರ್ಷವೂ ತುಂಬಿರಲಿಲ್ಲ. ಅದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳಬೇಕು ಕೂಡ. ಚಿಕ್ಕ ವಯಸ್ಸು ಒಬ್ಬರಿಗೆ ಕಿರೀಟವಾಗಿ, ಇನ್ನೊಬ್ಬರಿಗೆ ಕೊರತೆಯಾಗಿ ಕಾಣುವುದು ಏಕೆ ಎಂಬುದಷ್ಟೇ ನನ್ನ ಪ್ರಶ್ನೆ. ಅವರ ಅಧ್ಯಕ್ಷಗಿರಿಯಲ್ಲಿ ನಿಜವಾಗಿ ಚರ್ಚಿಸಬೇಕಾದ ವಿಷಯ ಬೇರೆ ಇತ್ತು. ಕೇರಳದ ಚುನಾಯಿತ ಕಮ್ಯುನಿಸ್ಟ್ ಸರ್ಕಾರವನ್ನು 1959ರಲ್ಲಿ ವಜಾ ಮಾಡಲು ಒತ್ತಾಯಿಸಿದವರಲ್ಲಿ ಅವರೂ ಒಬ್ಬರು. ಅದು ಸರಿಯೋ ತಪ್ಪೋ ಎಂಬುದು ನಾಯಕರ ಬಗ್ಗೆ ಕೇಳಬೇಕಾದ ಪ್ರಶ್ನೆ.

1966ರ ಜನವರಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ತಾಷ್ಕೆಂಟಿನಲ್ಲಿ ತೀರಿಕೊಂಡರು. ಅವರ ಸಂಪುಟದಲ್ಲಿ ಇಂದಿರಾ ವಾರ್ತಾ ಮತ್ತು ಪ್ರಸಾರ ಸಚಿವೆಯಾಗಿದ್ದರು. ಸಂಸದೀಯ ಪಕ್ಷದ ಚುನಾವಣೆಯಲ್ಲಿ ಅವರಿಗೆ 355 ಮತ, 70ರ ಹತ್ತಿರವಿದ್ದ ಮೊರಾರ್ಜಿ ದೇಸಾಯಿಯವರಿಗೆ 169 ಮತ ಬಂದವು. 48ನೇ ವಯಸ್ಸಿಗೆ ಇಂದಿರಾ ಪ್ರಧಾನಿಯಾದರು. ಅವರನ್ನು ಬೆಂಬಲಿಸಿದ ಹಿರಿಯರಲ್ಲಿ ಹಲವರ ಲೆಕ್ಕಾಚಾರವೆಂದರೆ, ಹೆಣ್ಣುಮಗಳು, ಹೇಳಿದಂತೆ ಕೇಳಿಕೊಂಡಿರುತ್ತಾಳೆ ಎಂಬುದು. ಮೊದಮೊದಲು ಲೋಕಸಭೆಯಲ್ಲಿ ಅವರು ತಡವರಿಸುತ್ತಿದ್ದರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರಿಗೆ ಮೂಗಗೊಂಬೆ ಎಂಬ ಅಡ್ಡಹೆಸರಿಟ್ಟರು. ಗಂಡು ಹೆಣ್ಣಿನ ಅಸಮಾನತೆ ಹೋಗಬೇಕೆಂದು ಜೀವನವಿಡೀ ವಾದಿಸಿದ ಲೋಹಿಯಾ ಅವರ ಬಾಯಲ್ಲೇ ಆ ಹೆಸರು ಬಂತು! ಎಂಥ ದೊಡ್ಡವರಿಗೂ ಈ ಎರಡನೇ ತಕ್ಕಡಿ ಗೊತ್ತಿಲ್ಲದಂತೆ ಕೈಗೆ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಇನ್ನು ಮುಂದಿನ ಕಥೆಯಲ್ಲಿ ನಮ್ಮ ಜಿಲ್ಲೆಯ ನಂಟಿದೆ. 1962ರ ಚುನಾವಣೆಯಲ್ಲಿ ಹೊಸದುರ್ಗದಲ್ಲಿ ಸೋತ ಎಸ್. ನಿಜಲಿಂಗಪ್ಪನವರು ವಿಧಾನಸಭೆಗೆ ಹೋದದ್ದು ನಮ್ಮ ಬಾಗಲಕೋಟೆಯಿಂದ. ಅವರು ಗೆದ್ದು ಬರುವವರೆಗೆ ಮೂರು ತಿಂಗಳು ಮುಖ್ಯಮಂತ್ರಿಯಾಗಿ, ಆಮೇಲೆ ಕುರ್ಚಿ ಬಿಟ್ಟುಕೊಟ್ಟವರು ಹುನಗುಂದದ ಶಾಸಕ ಎಸ್. ಆರ್. ಕಂಠಿ. ಕರ್ನಾಟಕದ ಏಕೀಕರಣಕ್ಕೆ ದುಡಿದ, ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಬಿದ್ದಾಗ ಮುಖ್ಯಮಂತ್ರಿಯಾಗಿದ್ದ ನಿಜಲಿಂಗಪ್ಪನವರು 1968ರಲ್ಲಿ ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾದರು.

1969ರ ಮೇ ತಿಂಗಳಲ್ಲಿ ರಾಷ್ಟ್ರಪತಿ ಡಾ. ಜಾಕಿರ್ ಹುಸೇನ್ ನಿಧನರಾದರು. ಮುಂದಿನ ರಾಷ್ಟ್ರಪತಿ ಯಾರು ಎಂಬ ಜಗಳ ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ನಡೆದ ಕಾಂಗ್ರೆಸ್ ಸಭೆಯ ಹೊತ್ತಿಗೆ ಬಹಿರಂಗವಾಯಿತು. ಪಕ್ಷದ ಹಿರಿಯರು ನೀಲಂ ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿ ಮಾಡಿದರು. ಇಂದಿರಾ ಕೆಲವೇ ದಿನಗಳಲ್ಲಿ ಮೊರಾರ್ಜಿಯವರಿಂದ ಹಣಕಾಸು ಖಾತೆ ತೆಗೆದುಕೊಂಡರು. ಜುಲೈ 19ರಂದು 14 ದೊಡ್ಡ ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿದರು. ನಮ್ಮ ರಾಜ್ಯದಲ್ಲಿ ಹುಟ್ಟಿದ ಕೆನರಾ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್ ಅದರಲ್ಲಿದ್ದವು. ಆಗಸ್ಟಿನಲ್ಲಿ ಅವರ ಬೆಂಬಲ ಪಡೆದ ವಿ. ವಿ. ಗಿರಿ ಗೆದ್ದರು. ನವೆಂಬರ್ 12ರಂದು ನಿಜಲಿಂಗಪ್ಪನವರು ಪ್ರಧಾನಿಯನ್ನೇ ಪಕ್ಷದಿಂದ ಹೊರಹಾಕಿದರು. ಪಕ್ಷ ಎರಡಾಯಿತು.

ಈ ಜಗಳವನ್ನು ಆಗ ಮುದುಕರ ಗುಂಪಿಗೂ ಹೊಸ ರಕ್ತಕ್ಕೂ ನಡೆದ ಹೋರಾಟವೆಂದು ಹಲವರು ವರ್ಣಿಸಿದರು. ನಾನು ವಯಸ್ಸುಗಳನ್ನು ಪಕ್ಕಪಕ್ಕದಲ್ಲಿ ಬರೆದು ನೋಡಿದೆ. ನಿಜಲಿಂಗಪ್ಪನವರಿಗೆ 66. ಹಿರಿಯರ ಅಭ್ಯರ್ಥಿ ಸಂಜೀವ ರೆಡ್ಡಿಯವರಿಗೆ 56. ಹೊಸ ರಕ್ತದ ಕಡೆಯಿಂದ ಗೆದ್ದ ಗಿರಿಯವರಿಗೆ 75! ಅಂದರೆ ಜಗಳ ನಿಜವಾಗಿ ಇದ್ದದ್ದು ಬ್ಯಾಂಕು, ಭೂಮಿ, ಅಧಿಕಾರ ಯಾರ ಕೈಯಲ್ಲಿರಬೇಕು ಎಂಬುದರ ಮೇಲೆ. ವಯಸ್ಸು ಎಸೆಯಲು ಸಿಕ್ಕ ಸುಲಭದ ಕಲ್ಲು ಮಾತ್ರ. ಆ ಕಲ್ಲು ನಿಜಲಿಂಗಪ್ಪನವರ ಮೇಲೆ ಬಿದ್ದದ್ದೂ ಅನ್ಯಾಯವೇ. ಇಂದಿರಾ ಅವರಿಗೆ ಹೆಣ್ಣೆಂಬ ಮಾತು ತಾಗಿದಂತೆ ಅವರಿಗೆ ಮುದುಕರೆಂಬ ಮಾತು ತಾಗಿತು.

1971ರ ಚುನಾವಣೆಯಲ್ಲಿ ಇಂದಿರಾ ಅವರ ಪಕ್ಷ 352 ಸ್ಥಾನ ಗೆದ್ದಿತು. ನಮ್ಮ ರಾಜ್ಯದ 27 ಸ್ಥಾನಗಳೂ ಅವರಿಗೇ ಬಂದವು. ಅದೇ ವರ್ಷದ ಡಿಸೆಂಬರಿನಲ್ಲಿ ಯುದ್ಧ ಗೆದ್ದು ಬಾಂಗ್ಲಾದೇಶ ಹುಟ್ಟಿತು. ಆಗ ಹೊಗಳಿಕೆಯ ಮಳೆ ಸುರಿಯಿತು. ಗೊಂಬೆ ಎಂದವರ ನಾಡಿನಲ್ಲೇ ಅವರು ದುರ್ಗೆಯಾದರು. ಇಡೀ ಸಂಪುಟದಲ್ಲಿ ಅವರೊಬ್ಬರೇ ಗಂಡಸು ಎಂಬ ಮಾತು ಜನಪ್ರಿಯವಾಯಿತು. ಅದನ್ನು ಓದಿದಾಗ ನನಗೆ ಖುಷಿಯಾಗಲಿಲ್ಲ. ಧೈರ್ಯ ತೋರಿಸಿದ ಹೆಂಗಸನ್ನು ಗಂಡಸು ಎಂದು ಕರೆದರೆ, ಧೈರ್ಯ ಹೆಂಗಸರದ್ದಲ್ಲ ಎಂದು ಹೇಳಿದಂತೆಯೇ ಆಯಿತಲ್ಲವೇ? ಬೈಗುಳದಲ್ಲೂ ಹೊಗಳಿಕೆಯಲ್ಲೂ ಬಳಸಿದ್ದು ಅದೇ ತಕ್ಕಡಿ.

ಇನ್ನು ಅವರ ಜೀವನದ ಕತ್ತಲ ಭಾಗ. 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟ್ ಅವರ ಆಯ್ಕೆಯನ್ನು ರದ್ದು ಮಾಡಿತು. ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂತು. ವಿರೋಧ ಪಕ್ಷಗಳ ನಾಯಕರು ಜೈಲು ಸೇರಿದರು, ಪತ್ರಿಕೆಗಳ ಬಾಯಿ ಕಟ್ಟಲಾಯಿತು. ಬಡವರನ್ನು ಹಿಡಿದು ಸಂತಾನಹರಣ ಚಿಕಿತ್ಸೆ ಮಾಡಿಸಿದರು. 1976ರಲ್ಲಿ ಹಳೆ ದೆಹಲಿಯ ತುರ್ಕ್‌ಮನ್ ಗೇಟ್ ಬಳಿ ಮನೆಗಳನ್ನು ಕೆಡವಿದಾಗ ಪ್ರತಿಭಟಿಸಿದ ಜನರ ಮೇಲೆ ಗುಂಡು ಹಾರಿತು. ಸಂಸ್ಕಾರ ಚಿತ್ರದಲ್ಲಿ ಅಭಿನಯಿಸಿದ್ದ ಸ್ನೇಹಲತಾ ರೆಡ್ಡಿ ಬೆಂಗಳೂರಿನ ಜೈಲಿನಲ್ಲಿ ಅಸ್ತಮಾದಿಂದ ನರಳಿದರು. 1977ರ ಜನವರಿಯಲ್ಲಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಮಹಿಳೆಯ ಆಡಳಿತದಲ್ಲಿ ಒಬ್ಬ ಮಹಿಳೆ ಹೀಗೆ ಸಾಯಬೇಕಾಯಿತು.

ಹೆಂಗಸರ ಕೈಗೆ ಅಧಿಕಾರ ಕೊಟ್ಟರೆ ಹೀಗೇ ಆಗುತ್ತದೆ ಎಂದು ಇದನ್ನು ಮುಂದಿಟ್ಟು ವಾದಿಸುವವರನ್ನು ನಾನು ಕೇಳಿದ್ದೇನೆ. ಜಗತ್ತಿನ ಸರ್ವಾಧಿಕಾರಿಗಳಲ್ಲಿ ಹೆಚ್ಚಿನವರು ಗಂಡಸರು. ಆದರೂ ಗಂಡಸರಿಗೆ ಅಧಿಕಾರ ಕೊಡಬಾರದೆಂದು ಯಾರೂ ಹೇಳುವುದಿಲ್ಲ. ತುರ್ತು ಪರಿಸ್ಥಿತಿ ಒಬ್ಬ ಪ್ರಧಾನಿಯ ತಪ್ಪು. ಅದನ್ನು ಹೆಣ್ಣುತನದ ಮೇಲೆ ಹೊರಿಸಿದರೆ ತಪ್ಪು ಮಾಡಿದ ನಾಯಕರ ಹೊಣೆ ಕಡಿಮೆಯಾಗುತ್ತದೆ, ತಪ್ಪೇ ಮಾಡದ ಕೋಟ್ಯಂತರ ಹೆಂಗಸರ ದಾರಿ ಮುಚ್ಚುತ್ತದೆ. ಹೆಣ್ಣೆಂಬ ಕಾರಣಕ್ಕೆ ಅವರ ತಪ್ಪನ್ನು ಮರೆಯುವುದೂ ಅಷ್ಟೇ ಕೆಟ್ಟದ್ದು.

1977ರಲ್ಲಿ ರಾಯಬರೇಲಿಯ ಮತದಾರರು ಅವರನ್ನು ಸೋಲಿಸಿದರು. ಮೊರಾರ್ಜಿ ದೇಸಾಯಿ 81ನೇ ವಯಸ್ಸಿಗೆ ಪ್ರಧಾನಿಯಾದರು. ಇಳಿವಯಸ್ಸು ಅವರಿಗೆ ಅಡ್ಡಬರಲಿಲ್ಲ. ಅವರ ನಂತರ ಬಂದ ಚರಣ್ ಸಿಂಗ್ ಅವರಿಗೆ 76. ಆದರೆ 60ರ ಆಸುಪಾಸಿನಲ್ಲಿದ್ದ ಇಂದಿರಾ ಅವರ ಕಥೆ ಮುಗಿಯಿತೆಂದು ಪಂಡಿತರು ತೀರ್ಮಾನಿಸಿದ್ದರು. 1978ರ ನವೆಂಬರಿನಲ್ಲಿ ಅವರು ನಮ್ಮ ಚಿಕ್ಕಮಗಳೂರಿಗೆ ಬಂದರು. ಡಿ. ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಸ್ಥಾನದಲ್ಲಿ ವೀರೇಂದ್ರ ಪಾಟೀಲರ ವಿರುದ್ಧ 70 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಮರುತಿಂಗಳೇ ಲೋಕಸಭೆ ಅವರ ಸದಸ್ಯತ್ವ ಕಿತ್ತುಕೊಂಡು ಜೈಲಿಗೆ ಕಳಿಸಿತು. 1980ರಲ್ಲಿ ಅವರು ಮತ್ತೆ ಪ್ರಧಾನಿ. ನಮ್ಮ ದಾದಿಯ ಬಾಯಲ್ಲಿ ಇವತ್ತಿಗೂ ಅವರು ಇಂದಿರಮ್ಮ. ತುರ್ತು ಪರಿಸ್ಥಿತಿಯ ಮಾತು ಬಂದರೆ ಅದೇ ದಾದಿ ಸುಮ್ಮನಾಗುತ್ತಾರೆ. ಅವರ ತಕ್ಕಡಿಯಲ್ಲಿ ಎರಡೂ ಇವೆ.

1984ರ ಜೂನಿನಲ್ಲಿ ಅಮೃತಸರದ ಸ್ವರ್ಣಮಂದಿರಕ್ಕೆ ಸೈನ್ಯ ನುಗ್ಗಿತು. ಅಕ್ಟೋಬರ್ 31ರಂದು ತಮ್ಮ ಅಂಗರಕ್ಷಕರ ಗುಂಡಿಗೆ ಇಂದಿರಾ ಬಲಿಯಾದರು. ನಂತರದ ದಿನಗಳಲ್ಲಿ ದೆಹಲಿಯಲ್ಲಿ ಸಾವಿರಾರು ಅಮಾಯಕ ಸಿಖ್ಖರ ಕೊಲೆಯಾಯಿತು. ಅದೇ ದಿನ ಮಗ ರಾಜೀವ್ 40ನೇ ವಯಸ್ಸಿಗೆ ಪ್ರಧಾನಿಯಾದರು. ಅದಕ್ಕೆ ಮೊದಲು ಅವರು ಯಾವ ಖಾತೆಯನ್ನೂ ನಿರ್ವಹಿಸಿರಲಿಲ್ಲ. ಆದರೂ ದೇಶ ಯುವ ನಾಯಕ ಬಂದನೆಂದು ಹಿಗ್ಗಿತು. ಪಕ್ಷದ ಅಧ್ಯಕ್ಷೆಯಾಗಿ, ಸಚಿವೆಯಾಗಿ ಕೆಲಸ ಮಾಡಿ 48ಕ್ಕೆ ಪ್ರಧಾನಿಯಾದ ತಾಯಿಗೆ ಸಿಕ್ಕಿದ್ದು ಗೊಂಬೆ ಎಂಬ ಹೆಸರು.

ಗೆಳೆಯ ಗೆಳತಿಯರೇ, ಲೋಕಸಭೆಗೆ ನಿಲ್ಲಲು 25 ವರ್ಷ ತುಂಬಿರಬೇಕು ಎಂದು ನಮ್ಮ ಸಂವಿಧಾನ ಹೇಳುತ್ತದೆ. ಮೇಲಿನ ಮಿತಿ ಇಟ್ಟಿಲ್ಲ, ಗಂಡು ಹೆಣ್ಣೆಂಬ ಭೇದವನ್ನೂ ಇಟ್ಟಿಲ್ಲ. ಮತದಾನದ ವಯಸ್ಸು 1989ರಲ್ಲಿ 21ರಿಂದ 18ಕ್ಕೆ ಇಳಿದದ್ದರಿಂದ ನಮ್ಮಲ್ಲಿ ಕೆಲವರು ಮುಂದಿನ ಚುನಾವಣೆಯಲ್ಲೇ ಮತ ಹಾಕುತ್ತೇವೆ. ನಾಯಕರಿಗೆ ದುಡಿಯುವ ಶಕ್ತಿ ಇದೆಯೇ ಎಂದು ಕೇಳುವುದು ತಪ್ಪಲ್ಲ. ಆದರೆ ಆ ಪ್ರಶ್ನೆ ಎಲ್ಲರಿಗೂ ಒಂದೇ ಆಗಿರಲಿ. ನಾನು ಕಂಡುಕೊಂಡ ಉಪಾಯ ಸರಳ. ಒಬ್ಬ ನಾಯಕಿಯ ಬಗ್ಗೆ ಮಾತು ಬಾಯಿಗೆ ಬಂದಾಗ ಅದರಲ್ಲಿ ಅದೇ ವಯಸ್ಸಿನ ನಾಯಕನ ಹೆಸರಿಟ್ಟು ಒಮ್ಮೆ ಹೇಳಿ ನೋಡಿ. ಆಗಲೂ ಮಾತು ನಿಂತರೆ ಧೈರ್ಯವಾಗಿ ಹೇಳಿ. ನಗು ಬಂದರೆ ಆ ಮಾತನ್ನು ಅಲ್ಲೇ ಬಿಟ್ಟು, ಅವರು ಮಾಡಿದ ಕೆಲಸದ ಲೆಕ್ಕ ಕೇಳಿ.

– ದ್ವಿತೀಯ ಪಿಯುಸಿ, ಕಲಾ ವಿಭಾಗದ ವಿದ್ಯಾರ್ಥಿನಿ